ಬಾಗಿಲಿರೋ ಕೋಣೆಯ ಠರಾವು

ನೋಡು, ಮತ್ತೆ ಮಧ್ಯೆ ಬಾಯಿ ಹಾಕಿದೆ! ಒಂದು ಮಾತನ್ನ ಪೂರ್ತಿ ಮುಗಿಸೋಕೆ ಬಿಡಲ್ವಲ್ಲೇ ನೀನು. ಮೇಲೆ ನಮ್ಮ ಲಾಂಡ್ರಿ ಸಂಘದ ಸಭೇಲಿ ಆ ಗಂಡಸರು ಬಿಡಲಿಲ್ಲ, ಕೆಳಗೆ ಇಳಿದು ಬಂದ್ರೆ ನೀನು ಬಿಡ್ತಿಲ್ಲ. "ಏನಾಯ್ತಕ್ಕ, ಏನಾಯ್ತಕ್ಕ"... ಹೇಳ್ತೀನಿ ಕಣೇ! ಹೇಳದೆ ಎಲ್ಲಿಗೆ ಹೋಗ್ಲಿ? ಒಂದೇ ಒಲೆ, ಒಂದೇ ಬಚ್ಚಲು, ಇಬ್ಬರಿಗೂ ಸೇರಿ ಒಬ್ಬಳೇ ಅತ್ತೆ... ಓರಗಿತ್ತಿಗೆ ಹೇಳದೆ ಆ ಬಾಯ್ಲರ್ ಮುಂದೆ ಹೋಗಿ ಹೇಳ್ಲಾ? ಮೊದಲಿಂದ ಹೇಳ್ತಿದ್ದೀನಿ, ಮೊದಲಿಂದಾನೇ ಕೇಳು.

ಈ ಮೂಲೆ ಹಿಡ್ಕೋ ಮೊದಲು. ಅದಲ್ಲ, ಹೊಲಿಗೆ ಇರೋ ಕಡೆಯದು. ಹಾಂ. ಸಂಜೆ ಆಸ್ಪತ್ರೆ ವ್ಯಾನು ಬಂದು ಹಾರ್ನ್ ಹೊಡೆಯೋ ಹೊತ್ತಿಗೆ ಈ ರಾಶಿ ಪೂರಾ ಮಡಿಚಿ ಆಗಿರಬೇಕು. ಸಭೆ ಇತ್ತು ಅಂತ ಶೀಟುಗಳು ತಾವೇ ಮಡಿಚಿಕೊಂಡು ಕೂರ್ತಾವಾ? ಎಳಿ. ಇನ್ನೂ ಬಿಗಿಯಾಗಿ ಎಳಿ. ನಿನ್ನ ಕೈಯಲ್ಲಿ ಜೀವ ಇದೆಯೋ ಇಲ್ವೋ?... ನಿನ್ನ ಗುಬ್ಬಿ ಮಲಗಿದ್ಲಾ? ಯಾವ ಬಟ್ಟೆ ಗಾಡೀಲಿ? ಸರಿ, ಅದನ್ನ ಈ ಕಡೆಗೆ ತಳ್ಳು, ನನ್ನ ಕಣ್ಣೆದುರಿಗೆ ಇರ್ಲಿ. ಅಲ್ಲಿ ಬಾಗಿಲ ಹತ್ತಿರ ಬೇಡ. ಗಂಟಿನವನು ಯಾವ ಹೊತ್ತಿಗೆ ಬರ್ತಾನೋ...

ಆವತ್ತಿನ ದಿನ ನಾನು ಇನ್ನೂ ಮರೆತಿಲ್ಲ. ಅವನದೇನು ತಪ್ಪು, ಪಾಪ? ಗಾಡಿ ಇರೋದೇ ಬಟ್ಟೆ ಹಾಕೋಕೆ. ತೊಳೆದ ಗಂಟು ಹೊತ್ಕೊಂಡು ಬಂದ, ನೀರು ಸೋರ್ತಾ ಇದೆ, ಬೆನ್ನು ಮುರಿಯೋ ಭಾರ, ಗಾಡಿ ಕಾಣಿಸ್ತು, ಧಡ್ ಅಂತ ಎತ್ತಿ ಹಾಕಿದ. ಅಡೀಲಿ ಕೂಸು ಮಲಗಿದೆ ಅಂತ ಅವನಿಗೇನು ಕನಸು ಬಿದ್ದಿತ್ತಾ? ನಿನ್ನ ಬಾಯಿಂದ ಕೂಗೇ ಹೊರಡ್ಲಿಲ್ಲ. ಕೂಗಿದವಳು ನಾನು. ಗಂಟು ಕಿತ್ತು ಎಸೆದವಳು ನಾನು. ಗುಬ್ಬಿ ಕೆಂಪಗೆ ಕೆಂಡದ ಹಾಗೆ, ಅಳೋದಕ್ಕೂ ಉಸಿರು ಸಿಗದೆ ಒದ್ದಾಡ್ತಾ... ಆಮೇಲೆ ಅತ್ತಳಲ್ಲ, ಅಬ್ಬಾ! ಅಷ್ಟು ಸಿಹಿಯಾದ ಅಳು ನಾನು ಹುಟ್ಟಿದಾಗಿಂದ ಕೇಳಿರಲಿಲ್ಲ. ಗಂಟಿನವನು ಆ ಮೂಲೇಲಿ ಕೂತು ಅವಳಿಗಿಂತ ಜೋರಾಗಿ ಅತ್ತ.

ಮೂಲೆ ಕೊಡು. ಹಾಂ, ಕೆಳಗಿನ ಮಡಿಕೆ ಹಿಡ್ಕೋ.

ಗೊತ್ತಿದೆ, ನಿನಗೆ ಗೊತ್ತಿರೋ ವಿಷಯಾನೇ. ಆದ್ರೂ ಹೇಳ್ತೀನಿ. ಯಾಕೆ ಅಂದ್ರೆ ಮೇಲೆ ಕೂತಿರೋ ಅಷ್ಟೂ ಜನಕ್ಕೆ ಅದು ಮರೆತೇ ಹೋಗಿದೆ! ಅವರಿಗೆ ಅದೊಂದು ಠರಾವು ಅಷ್ಟೇ. ಕೂಸಿನ ಮೇಲೆ ಗಂಟು ಬಿದ್ದಿದ್ದು ಯಾರಿಗೂ ನೆನಪಿಲ್ಲ, ಅಜೆಂಡಾದಲ್ಲಿ ಎಷ್ಟನೇ ವಿಷಯ ಅನ್ನೋದು ಮಾತ್ರ ನೆನಪಿದೆ.

ಮೊದಲನೇ ಸಭೇಲಿ ನಾನು ಎದ್ದು ನಿಂತು ಓದಿದ್ದು ನೆನಪಿದ್ಯಾ? ಹತ್ತನೇ ಕ್ಲಾಸಿನವರೆಗೆ ಓದಿದವಳು ನಾನು, ಕನ್ನಡದಲ್ಲಿ ಒಳ್ಳೇ ಮಾರ್ಕ್ಸು ಬಂದಿತ್ತು, ಯಾರ ಹತ್ತಿರಾನೂ ಬರೆಸಿಕೊಳ್ಳಲಿಲ್ಲ. "ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗಾಗಿ ಹಳೆ ಯಂತ್ರಗಳ ಕೋಣೆಯನ್ನು ಖಾಲಿ ಮಾಡಿಸಿ, ಅದಕ್ಕೆ ಬಾಗಿಲು ಇಡಿಸಿ ಕೊಡತಕ್ಕದ್ದು." ಇಷ್ಟೇ. ಇದರಲ್ಲಿ ಅರ್ಥ ಆಗದೆ ಇರೋದು ಏನಿದೆ ಹೇಳು? ತುಕ್ಕು ಹಿಡಿದ ಹಿಂಡೋ ಯಂತ್ರ ಎರಡು ಬಿದ್ದಿವೆ ಅಲ್ಲಿ, ಇಲಿ ಸಂಸಾರ ಮಾಡ್ತಿವೆ. ಇಲಿಗೆ ಕೋಣೆ ಇದೆ, ನಮ್ಮ ಮಕ್ಕಳಿಗೆ ಗಾಡಿ!

"ಯಾರು ಅನುಮೋದಿಸ್ತೀರಿ" ಅಂದ ಕಾರ್ಯದರ್ಶಿ. ಯಾರೂ ಇಲ್ಲ. ಎಲ್ಲರೂ ಅವರವರ ಉಗುರು ನೋಡ್ಕೊಂಡು ಕೂತಿದ್ರು. ಆಗ ನೀನು ಕೈ ಎತ್ತಿದೆ. ಒಂದು ಕೈಯಲ್ಲಿ ಗುಬ್ಬಿ, ಇನ್ನೊಂದು ಕೈ ಮೇಲೆ. ಎಲ್ಲರೂ ತಿರುಗಿ ನೋಡಿದ್ರೂ ಇಳಿಸಲಿಲ್ಲ ನೀನು. ಸೂಚಕಿ ನಾನು, ಅನುಮೋದಕಿ ನೀನು. ಒಂದು ಮನೆಯ ಇಬ್ಬರು ಸೊಸೆಯರು! ಮನೇಲಿ ಅತ್ತೆ ಮುಂದೆ ಒಂದು ದಿನವಾದ್ರೂ ಹೀಗೆ ಒಬ್ಬರ ಹಿಂದೆ ಒಬ್ಬರು ನಿಂತಿದ್ವಾ? ನಗು, ನಗು... ನನಗೂ ಆವತ್ತು ನಗು ಬಂದಿತ್ತು.

ಆ ನಗು ಎಲ್ಲಿ ಉಳೀತು? "ಇದು ಅಜೆಂಡಾದಲ್ಲಿ ಇಲ್ಲ ತಾಯಿ, ಮುಂದಿನ ಸಭೆಗೆ ಬರಲಿ" ಅಂದ ಆ ಮಹಾನುಭಾವ. ಮುಂದಿನ ಸಭೆ ಬಂತು. ಕೊನೇ ವಿಷಯ ನಮ್ಮದು. ಸೋಪಿನ ಪುಡಿ ಯಾರ ಹತ್ತಿರ ತರಬೇಕು ಅಂತ ಗಂಟಲು ಹರ್ಕೊಂಡ್ರು, ಬಾಯ್ಲರಿಗೆ ಬಣ್ಣ ಹಸಿರೋ ನೀಲಿಯೋ ಅಂತ ಜಗಳ ಆಡಿದ್ರು, ನಮ್ಮದು ಬರೋ ಹೊತ್ತಿಗೆ ಸರಿಯಾಗಿ ಅರ್ಧ ಜನ ಚಹಾ ಕುಡಿಯೋಕೆ ಎದ್ದು ಹೋದ್ರು. "ಕೋರಂ ಇಲ್ಲ. ಮುಂದಿನ ಸಭೆಗೆ." ಆವತ್ತೇ ನಾನು ಆ ಕಾರ್ಯದರ್ಶಿಗೆ ಮುಂದೂಡಪ್ಪ ಅಂತ ಹೆಸರಿಟ್ಟಿದ್ದು. ಈಗ ನೋಡು, ಅವನ ಹೆಂಡತಿ ಫೋನ್ ಮಾಡಿದ್ರೂ ಗೇಟಿನವನು "ಮುಂದೂಡಪ್ಪೋರು ಮೀಟಿಂಗಲ್ಲಿದ್ದಾರೆ ಅಮ್ಮ" ಅಂತಾನಂತೆ! ಪಾಪ, ಅವಳ ಮನೇಲೂ ಎಷ್ಟು ಮುಂದೂಡಿದ್ದಾನೋ, ತಕ್ಷಣ ಗೊತ್ತಾಗಿರುತ್ತೆ ಯಾರು ಅಂತ.

ಆ ಸಭೇಲೇ ತಾನೇ ಗುಬ್ಬಿ ಅತ್ತಳು ಅಂತ "ಹಸುಗೂಸುಗಳನ್ನ ಸಭೆಗೆ ತರಬಾರದು" ಅಂತ ಮಾಡಿದ್ದು? ಅದಕ್ಕೆ ಮಾತ್ರ ಮುಂದಿನ ಸಭೆ ಬೇಡ! ಅಜೆಂಡಾ ಬೇಡ! ಎತ್ತಿದ ಕೈ ಇಳಿಯೋದ್ರೊಳಗೆ ಪಾಸು. ಆವತ್ತಿಂದ ನೀನು ಮೆಟ್ಟಿಲ ಮೇಲೆ, ನಾನು ಒಳಗೆ.

ಬೇರೆ ಶೀಟು ತಗೋ. ಇದು ಹರಿದಿದೆ, ಆ ಕಡೆ ಹಾಕು.

ಅದರ ಮುಂದಿನ ಸಭೇಲಿ ನೀನು ಒಳಗೆ ಇರಬೇಕಿತ್ತು ಕಣೇ. "ಮಕ್ಕಳು ಅಂದ್ರೆ ಯಾರು?" ಅಂತ ಕೇಳಿದ ಮುಂದೂಡಪ್ಪ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು. "ಎಷ್ಟು ವಯಸ್ಸಿನವರೆಗೆ ಮಕ್ಕಳು? ಪದ ಸ್ಪಷ್ಟ ಇಲ್ಲ." ಅದಕ್ಕೆ ಬಾಯ್ಲರ್ ನೋಡ್ಕೊಳ್ಳೋ ಮಾವ ಎದ್ದು, "ನನ್ನ ಹೆಂಡತಿ ನನ್ನನ್ನೇ ಮಗು ಅಂತಾಳೆ, ನಾನೂ ಬಂದು ಮಲಗ್ಲಾ?" ಅಂತ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನೇನು ಸುಮ್ನೆ ಇರ್ತೀನಾ? "ಬಾ ಮಾವ, ನಿಂಗೂ ಲಂಗೋಟಿ ಕಟ್ಟಿ ತಟ್ಟಿ ಮಲಗಿಸ್ತೀನಿ, ಆದ್ರೆ ಮಧ್ಯೆ ಎದ್ದು ಅತ್ರೆ ಹೊಡೀತೀನಿ" ಅಂದೆ. ಮತ್ತೆ ನಗು. ನಗು ಮುಗಿಯೋ ಹೊತ್ತಿಗೆ ಏನಾಯ್ತು ಗೊತ್ತಾ? "ಪದಗಳನ್ನ ಸರಿಪಡಿಸೋ ಸಲುವಾಗಿ ಮುಂದೂಡಲಾಗಿದೆ." ನನ್ನ ಮಾತಿಗೇ ನಕ್ಕು ನನ್ನ ಠರಾವನ್ನೇ ತಳ್ಳಿದ್ರು. ಆವತ್ತು ಮನೆಗೆ ಹೋಗಿ ಪಾತ್ರೆ ತಿಕ್ಕಿದ್ದು ನೋಡಿ ನಿನ್ನ ಭಾವ, "ತಳ ತೂತು ಬೀಳುತ್ತೆ" ಅಂದ್ರಲ್ಲ, ಅದೇ ದಿನ.

ಆಮೇಲೆ ಬೋರ್ಡಿನ ಮೇಲೆ ಅಂಟಿಸಿದ್ರಲ್ಲ, ಅದನ್ನ ನೋಡಿದ್ಯಲ್ಲ ನೀನು? "ಮಕ್ಕಳ ಕುರಿತು ಸೂಕ್ತ ವ್ಯವಸ್ಥೆ ಮಾಡುವ ಬಗ್ಗೆ ಪರಿಶೀಲಿಸಬಹುದಾಗಿದೆ." ನನ್ನ ಹೆಸರು ಕೆಳಗೆ! ಕೋಣೆ ಎಲ್ಲಿ? ಬಾಗಿಲು ಎಲ್ಲಿ? "ಕೊಡತಕ್ಕದ್ದು" ಅನ್ನೋದು ಹೋಗಿ "ಬಹುದಾಗಿದೆ"! ನಮ್ಮ ಕೂಸನ್ನ ನಾವೇ ಗುರುತು ಹಿಡೀದ ಹಾಗೆ ಮಾಡಿದ್ರು. ಸಭೆಗೂ ಸಭೆಗೂ ನಡುವೆ ಆಟ ನಡೆಯೋದು ಕಣೇ, ಸಭೇಲಿ ಅಲ್ಲ. ಸಭೇಲಿ ಬರೀ ಕೈ ಎತ್ತೋದು.

ನಾನು ಒದ್ದೆ ಕೈಯಲ್ಲೇ ಆಫೀಸಿಗೆ ನುಗ್ಗಿದೆ. "ನನ್ನ ಠರಾವಿಗೆ ಕೈ ಹಾಕೋಕೆ ನೀವ್ಯಾರು ಸ್ವಾಮಿ? ನಾನು ನಿಮ್ಮ ಮೀಸೆಗೆ ಕೈ ಹಾಕ್ತೀನಾ?" ಅಂದೆ. "ತಿದ್ದುಪಡಿ ತಾಯಿ, ಬರೀ ಭಾಷೆ ಸರಿ ಮಾಡಿದ್ದು" ಅಂತ ರಾಗ ಎಳೆದ. "ಯಾರನ್ನ ಕೇಳಿ?" ಅಂದೆ. ಅಷ್ಟೇ, ಫೈಲು ತಿರುವೋಕೆ ಶುರು ಮಾಡಿದ! ಅಲ್ಲಿ ಅಧ್ಯಕ್ಷರೂ ಕೂತಿದ್ರು, ಅವರೇ ಬಾಯಿ ಬಿಟ್ಟು ಹೇಳಿದ್ರು: ನೋಟೀಸು ಹೊರಟ ಮೇಲೆ ಒಂದು ಅಕ್ಷರ ಬದಲಾಯಿಸಬೇಕು ಅಂದ್ರೂ ಸೂಚಕಿ ಒಪ್ಪಬೇಕು, ಅನುಮೋದಕಿ ಒಪ್ಪಬೇಕು. ಇಬ್ಬರೂ. ಒಬ್ಬರು ಒಪ್ಪದೆ ಇದ್ರೂ ಹಳೇ ಮಾತೇ ನಿಲ್ಲುತ್ತೆ. ಹೆಂಗೆ? ಆವತ್ತು ನಾನು ಮೆಟ್ಟಿಲು ಇಳಿದು ಬಂದು ನಿನಗೆ ಹೇಳಿದ್ದೆ ತಾನೇ, "ನಮ್ಮಿಬ್ಬರನ್ನ ದಾಟಿ ಯಾರೂ ಏನೂ ಮಾಡೋಕಾಗಲ್ಲ ಕಣೇ" ಅಂತ? ನೀನು ಆವತ್ತು ಗುಬ್ಬಿ ಕೈ ಹಿಡ್ಕೊಂಡು ಚಪ್ಪಾಳೆ ತಟ್ಟಿಸಿದೆ...

ಬಿಗಿಯಾಗಿ ಎಳಿ. ಸುಕ್ಕು ಉಳಿದ್ರೆ ಆಸ್ಪತ್ರೆಯವರು ವಾಪಸ್ ಕಳಿಸ್ತಾರೆ.

ಏನು? ಹಾಂ ಹಾಂ, ಇವತ್ತಿಗೆ ಬರ್ತಾ ಇದ್ದೀನಿ. ತಡಿಯೇ. ನಡುವೆ ಇನ್ನೂ ಒಂದು ಸಭೆ ಇತ್ತಲ್ಲ, ಅಧ್ಯಕ್ಷರಿಗೆ ನೆಗಡಿ ಅಂತ ಎದ್ದು ಹೋದ್ರಲ್ಲ, ಅದು. ಮೂಗು ಸೋರಿದ್ದು ಅವರದ್ದು, ಮುಂದೆ ಹೋಗಿದ್ದು ನಮ್ಮ ಠರಾವು. ತಲೆ ಚಿಟ್ಟು ಹಿಡಿದುಹೋಗಿದೆ ನನಗೆ! ಒಂದು ಬಾಗಿಲು ಕೇಳಿದ್ದಕ್ಕೆ, ಕೇವಲ ಒಂದು ಬಾಗಿಲು...

ಪಾಸಾಯ್ತು.

ಹೌದು ಕಣೇ, ಪಾಸಾಯ್ತು. ಏನು ಹಾಗೆ ಬಾಯಿ ಬಿಟ್ಕೊಂಡು ನಿಂತೆ? ಪಾಸಾಯ್ತು ಅಂದೆ. ಕೋಣೆ ಖಾಲಿ ಮಾಡ್ತಾರೆ, ಬಾಗಿಲು ಇಡ್ತಾರೆ, ಮಡಿಕೆ ಅಜ್ಜಿಗೆ ಇನ್ಮೇಲೆ ಬಟ್ಟೆ ಮಡಿಸೋ ಕೆಲಸ ಬಿಡಿಸಿ ಅಲ್ಲಿ ಕೂರಿಸ್ತಾರೆ. ನಾಳೆಯಿಂದಾನೇ. ಗಂಟಿನವನೇ ಕೈ ಮೇಲೆತ್ತಿ, "ಆ ಯಂತ್ರ ಹೊರಗೆ ಸಾಗಿಸೋ ಕೆಲಸ ನಂದು" ಅಂದ.

ಅಯ್ಯೋ... ಬಿಡೇ. ಬಿಡು, ಶೀಟು ನೆಲಕ್ಕೆ ತಾಗುತ್ತೆ! ಅಳೋದ್ಯಾಕೆ ಈಗ? ಅಪ್ಪಿಕೊಂಡಿದ್ದು ಸಾಕು, ಮೈಯೆಲ್ಲ ಬೆವರು ನಂದು. ನಾನೇನು ಮಾಡಿದೆ ಅಂತ... ಕಾಲಿಗೆ ಬೀಳ್ತೀಯಾ, ಹುಚ್ಚಿ! ಏಳು. ಏಳು ಅಂದೆ. ಮೂಲೆ ಹಿಡ್ಕೋ.

ಸಂತೋಷ ಇಲ್ಲ ಅಂತ ಯಾರು ಹೇಳಿದ್ರು? ಇದೆ. ನನ್ನ ಮುಖಾನೇ ಹೀಗೆ, ಹುಟ್ಟಿದಾಗಿಂದ. ನಿನ್ನ ಭಾವನ್ನ ಕೇಳು, ಮದುವೆ ಫೋಟೋದಲ್ಲೂ ಜಗಳಕ್ಕೆ ನಿಂತ ಹಾಗೆ ಇದ್ದೀನಿ. ಇಷ್ಟು ದಿನ ಅವರ ಜೊತೆ ಬಡಿದಾಡಿ ಸಾಕಾಗಿದೆ, ಅಷ್ಟೇ. ಗೆದ್ದ ಮೇಲೂ ಹಲ್ಲು ಕಡೀತಾ ಇರೋದು ಅಭ್ಯಾಸ ಆಗಿಬಿಟ್ಟಿದೆ.

ಕರೀಲಿಲ್ಲ, ನಿಜ. ಕೈ ಎತ್ತೋ ಹೊತ್ತಿಗೆ ಕರೀತೀನಿ ಅಂದಿದ್ದೆ, ಕರೀಲಿಲ್ಲ. ಬೇಗ ಬೇಗ ಆಗಿಹೋಯ್ತು ಕಣೇ. ಮುಂದೂಡಪ್ಪ ಓದಿದ, ಎಲ್ಲರೂ ಹೂಂ ಅಂದ್ರು, ಸರ್ವಾನುಮತ ಅಂತ ಬರೆದುಕೊಂಡ... ನೀನು ಮೆಟ್ಟಿಲ ಮೇಲೆ ಕೂಸಿಗೆ ಹಾಲು ಕೊಡ್ತಾ ಕೂತಿದ್ದೆ, ಅರ್ಧಕ್ಕೆ ಬಿಡಿಸಿ ಕರ್ಕೊಂಡು ಬರಬೇಕಿತ್ತಾ? ನಿನ್ನ ಒಂದು ಕೈ ಇಲ್ಲದೆ ಇದ್ರೂ ಪಾಸಾಯ್ತಲ್ಲ. ಅದೇ ತಾನೇ ಬೇಕಾಗಿದ್ದು.

ಇದು ಆಯ್ತು. ಇಡು. ಇನ್ನೊಂದು ತಗೋ.

ಏನು ಗುನುಗ್ತಾ ಇದ್ದೀಯಾ? ತೊಟ್ಟಿಲಾ?... ಯಾವ ತೊಟ್ಟಿಲು? ಓ, ಅತ್ತೆ ಮಂಚದ ಕೆಳಗಿರೋದು. ನಿನ್ನ ಭಾವ, ನಿನ್ನ ಗಂಡ, ನನ್ನ ಮಗಳು ಚೂಟಿ ಎಲ್ಲರೂ ಮಲಗಿದ್ದು. ಹೂಂ, ಗೊತ್ತು. ತೊಟ್ಟಿಲು ತರ್ತೀಯಾ... ನಾಳೆಗಾ? ಅಷ್ಟು ಅವಸರ ಯಾಕೆ? ಹಗ್ಗ ಎಲ್ಲ ಹಳೇದಾಗಿದೆ. ಇರ್ಲಿ, ಆಮೇಲೆ ತಂದ್ರಾಯ್ತು. ಕೋಣೆ ಇನ್ನೂ ಗುಡಿಸಬೇಕು, ಸುಣ್ಣ ಬಳೀಬೇಕು, ಕೂಸಿಗೆ ವಾಸನೆ ಆಗಲ್ಲ. ಸ್ವಲ್ಪ ದಿನ ಗಾಡೀಲೇ ಇರ್ಲಿ ಬಿಡು. ನಾನು ಪಕ್ಕದಲ್ಲೇ ಇರ್ತೀನಲ್ಲ, ನೋಡ್ಕೋತೀನಿ.

ಚೂಟಿನಾ? ಚೂಟಿ ಬರ್ತಾಳೆ. ನಾಳೇನೇ ಕರ್ಕೊಂಡು ಬರ್ತೀನಿ. ಅವಳು ದೊಡ್ಡವಳಲ್ವಾ, ಸುಣ್ಣದ ವಾಸನೆ ತಡ್ಕೋತಾಳೆ.

ಹಾಗೆ ನೋಡಬೇಡ. ಒಂದು ಸಣ್ಣ ಪದ, ಅಷ್ಟೇ. ಹೇಳಬೇಕು ಅಂತಾನೇ ಇದ್ದೆ, ನೀನು ಅತ್ತು ಅಪ್ಪಿಕೊಂಡು ಎಲ್ಲ ಗಲಿಬಿಲಿ ಮಾಡಿದೆ. ಠರಾವಿನಲ್ಲಿ... "ತಾಯಂದಿರ ಮಕ್ಕಳಿಗಾಗಿ" ಅಂತಿತ್ತಲ್ಲ. ಅಲ್ಲಿ "ನಡೆಯಲು ಕಲಿತ ಮಕ್ಕಳಿಗಾಗಿ" ಅಂತ ಆಗಿದೆ. ಅಷ್ಟೇ. ಬಾಕಿ ಎಲ್ಲಾ ಹಾಗೇ ಇದೆ! ಕೋಣೆ ಇದೆ, ಬಾಗಿಲು ಇದೆ, "ಕೊಡತಕ್ಕದ್ದು" ಇದೆ. ಒಂದು ಅಕ್ಷರ ಬಿಟ್ಟುಕೊಡಲಿಲ್ಲ ನಾನು ಅದರಲ್ಲಿ.

ಎಳಿ... ಎಳೀತಾ ಇಲ್ಲ ನೀನು. ಶೀಟು ಜೋತುಬಿದ್ದಿದೆ ನೋಡು.

ಹಸುಗೂಸಿಗೆ ಬೇರೆ ಆಯಾ ಬೇಕಂತೆ. ಮಡಿಕೆ ಅಜ್ಜಿಗೆ ಎತ್ತಿ ಆಡಿಸೋಕೆ ಆಗಲ್ಲವಂತೆ, ಕೈ ನಡುಗುತ್ತಂತೆ, ನಾಳೆ ಕೆಡವಿದ್ರೆ ಸಂಘದ ತಲೆಗೆ ಬರುತ್ತಂತೆ. ನಡೆಯೋ ಮಕ್ಕಳಾದ್ರೆ ಅವಕ್ಕೇ ಅವು ಆಡ್ಕೋತಾವೆ, ಅಜ್ಜಿ ಬಾಗಿಲಲ್ಲಿ ಕೂತ್ರೆ ಸಾಕು... ಹೀಗೆ ಅವರು ಹೇಳೋದು. ಅವರ ಮಾತು ಇದು, ನಂದಲ್ಲ. ಮುಂದೂಡಪ್ಪನ ತಲೆ. ಅವನ ತಲೇಲಿ ಏನೇನು ಹುಳ ಇದೆಯೋ! ಸಭೆಗೂ ಸಭೆಗೂ ನಡುವೆ ಕೂತು ತಿದ್ದಿದ್ದಾನೆ, ಎಂದಿನ ಹಾಗೆ. ಸಭೇಲಿ ಎದ್ದು ಓದಿಬಿಟ್ಟ. ನಾನೇನು ಮಾಡ್ಲಿ? ಹೋಗಿ ಕತ್ತು ಹಿಸುಕ್ಲಾ?

...

ಆ ಮೂಲೆನ ಯಾಕೆ ಮುಷ್ಟೀಲಿ ಸುತ್ಕೋತಿದ್ದೀಯಾ?

ಮೂಲೆ ತಗೊಂಡು ಈ ಕಡೆ ಬಾ. ಬರಲ್ವಾ? ಸರಿ, ನಾನೇ ಬರ್ತೀನಿ... ಬಿಡು, ಬೆರಳು ಸಡಿಲ ಬಿಡು. ಇಷ್ಟು ಗಟ್ಟಿಯಾಗಿ ಹಿಡ್ಕೊಂಡ್ರೆ ಹೆಂಗೆ ಮಡಿಸೋದು? ಇಷ್ಟು ಹೊತ್ತು ಎಳಿ ಎಳಿ ಅಂದ್ರೆ ಎಳೀಲಿಲ್ಲ, ಈಗ...

ಹೌದು, ಗೊತ್ತು. ನೀನು ಕೇಳೋದೇ ಬೇಡ, ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ. ಈಗ ತಾನೇ ನಾನೇ ಹೇಳಿದ್ನಲ್ಲ, ಎದೆ ಉಬ್ಬಿಸಿಕೊಂಡು. ಇಬ್ಬರೂ ಒಪ್ಪದೆ ಒಂದು ಅಕ್ಷರ ಬದಲಾಗಲ್ಲ ಅಂತ. ಹೇಳಿದೆ. ಹೇಳಿದ್ದು ನಿಜಾನೇ.

ಮುಂದೂಡಪ್ಪ ನಿನ್ನೆ ಆಫೀಸಿಗೆ ಕರೆದಿದ್ದ. ಫ್ಯಾನು ಹಾಕಿದ, ಕುರ್ಚಿ ಕೊಟ್ಟ, ಚಹಾ ತರಿಸಿದ. ಇಷ್ಟು ವರ್ಷದಲ್ಲಿ ಆ ಕೋಣೇಲಿ ನಾನು ಕೂತಿದ್ದೇ ಅದು ಮೊದಲು. "ನೋಡು ತಾಯಿ, ಈ ಒಂದು ಪದ ಸೇರಿಸಿದ್ರೆ ಈ ಸಭೇಲೇ ಮುಗಿಸಿಬಿಡ್ತೀನಿ. ಬೇಡ ಅಂದ್ರೆ ಆಯಾ, ವಿಮೆ, ಅದು ಇದು ಅಂತ ಮಹಾಸಭೆಗೆ ಹೋಗುತ್ತೆ, ಅಲ್ಲಿಂದ ಯಾವಾಗ ವಾಪಸ್ ಬರುತ್ತೋ ನನಗೇ ಗೊತ್ತಿಲ್ಲ" ಅಂದ. ಮುಂದೂಡಪ್ಪ ಹಾಗೆ ಹೇಳಿದ್ರೆ ಅದು ನಿಜಾನೇ ಕಣೇ. ಮುಂದಕ್ಕೆ ತಳ್ಳೋ ವಿಷಯದಲ್ಲಿ ಅವನು ಯಾವತ್ತೂ ಸುಳ್ಳು ಹೇಳಿಲ್ಲ.

ನೀನೂ ನೋಡ್ತೀಯಲ್ಲ ಮನೇಲಿ? ಅತ್ತೆ ಚೂಟಿನ ಹೆಂಗೆ ಇಟ್ಕೊಂಡಿರ್ತಾರೆ ಅಂತ? ಹಳೇ ಸೀರೆ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿ ಮಂಚದ ಕಾಲಿಗೆ. ಅತ್ತೇದೂ ತಪ್ಪಲ್ಲ, ಮಂಡಿ ನೋವು, ಓಡೋಕಾಗಲ್ಲ, ಹೋದ ತಿಂಗಳು ರಸ್ತೆ ಮಧ್ಯಕ್ಕೇ ಹೋಗಿ ನಿಂತಿತ್ತಲ್ಲ ಹುಡುಗಿ. ಕಟ್ಟದೆ ಏನು ಮಾಡ್ತಾರೆ? ಆದ್ರೆ ಸಂಜೆ ನಾನು ಹೋಗಿ ಬಿಚ್ಚಿದಾಗ ಆ ಸೊಂಟದ ಸುತ್ತ ಕೆಂಪು ಗೆರೆ... ಮೊನ್ನೆ ಏನಾಯ್ತು ಗೊತ್ತಾ, ನಿನಗೆ ಹೇಳಿಲ್ಲ. ಬಿಚ್ಚಿ ಕೆಳಗೆ ಬಿಟ್ಟೆ. ಬಿಟ್ರೂ ಅವಳು ಹೋಗ್ಲಿಲ್ಲ. ಸೀರೆ ಎಷ್ಟು ಉದ್ದ ಬರ್ತಿತ್ತೋ ಅಷ್ಟೇ ದೂರ ಹೋಗಿ ನಿಂತ್ಕೊಂಡ್ಲು. ಕಟ್ಟೇ ಇಲ್ಲ, ಆದ್ರೂ ಅಲ್ಲೇ ನಿಂತು ನನ್ನ ಕಡೆ ಕೈ ಚಾಚಿದ್ಲು.

ಅದು ಕಣ್ಣಿಗೆ ಕಟ್ಟಿತ್ತು ನನಗೆ, ಆ ಕುರ್ಚೀಲಿ ಕೂತಾಗ. ಹೂಂ ಅಂದೆ.

ಹೂಂ ಅಂದೆ, ಆಯ್ತಾ? ಸೂಚಕಿ ನಾನು, ನನ್ನ ಹೂಂ ನಾನು ಅಂದೆ. ಎರಡು ಮಕ್ಕಳಲ್ಲಿ ಒಂದಾದ್ರೂ ಒಳಗೆ ಹೋಗ್ಲಿ ಅಂತ. ಎರಡೂ ಹೊರಗಿರೋದಕ್ಕಿಂತ ಒಂದು ಒಳಗಿದ್ರೆ ಲುಕ್ಸಾನಾ? ನೀನೇ ಯೋಚನೆ ಮಾಡು. ನೀನೇ ನನ್ನ ಜಾಗದಲ್ಲಿದ್ರೆ... ಇಲ್ಲ, ಅದು ಬಿಡು.

...

ಇನ್ನೂ ಅಲ್ಲೇ ನಿಂತಿದ್ದೀಯಾ. ಬೈಯೇ! ಬೈಯೋಕೆ ಬರಲ್ವಾ ನಿನಗೆ? ಒಂದು ಸಲವಾದ್ರೂ ಬಾಯಿ ತುಂಬಾ ಬೈಯಿ.

ನಿನ್ನ ಒಪ್ಪಿಗೇನೂ ಕೇಳಿದ. ಕೇಳದೆ ಬಿಡ್ತಾನಾ, ಅಷ್ಟು ನಿಯಮದವನು? ಪೆನ್ನು ಎತ್ತಿ ಹಿಡ್ಕೊಂಡು, "ಅನುಮೋದಕಿ ಏನಂತಾರೆ? ಕೆಳಗಿದ್ರೆ ಕರೀಲಾ?" ಅಂದ. ಕರೀರಿ ಅನ್ನಬೇಕಿತ್ತು. ನೀನು ಇಲ್ಲೇ ಇದ್ದೆ, ಇದೇ ಮೇಜಿನ ಹತ್ತಿರ. ಆ ಕಿಟಕಿಯಿಂದ ನೀನು ಕಾಣ್ತಿದ್ದೆ. ಗುಬ್ಬಿ ಕತ್ತಿಗೆ ಪೌಡರ್ ಹಾಕ್ತಿದ್ದೆ, ಇಸ್ತ್ರಿ ಬಿಸಿಗೆ ಎದ್ದಿರೋ ಗುಳ್ಳೆಗಳ ಮೇಲೆ. ಊದ್ತಾ ಇದ್ದೆ... ಕಂಡಿತ್ತು. ಕಂಡ ಮೇಲೇನೇ ನಾನು ಹೇಳಿದ್ದು, "ಬೇಡ ಸಾರ್, ನಮ್ಮ ಮನೆಯವಳೇ. ನಾನು ಹೇಳಿದ್ದೇ ಅವಳದ್ದು" ಅಂತ.

ಬರ್ಕೊಂಡ. ಇಬ್ಬರ ಒಪ್ಪಿಗೆಯ ಮೇರೆಗೆ ಅಂತ ಬರ್ಕೊಂಡ.

ಅದಕ್ಕೇ ಇವತ್ತು "ಹೋಗೇ, ಕೂಸಿಗೆ ಹಸಿವಾಗಿದೆ, ಮೆಟ್ಟಿಲ ಮೇಲೆ ಕೂತು ಹಾಲು ಕೊಡು, ನಾನು ಕರೀತೀನಿ" ಅಂದಿದ್ದು. ಕೂಸಿಗೆ ಹಸಿವಾಗಿರಲಿಲ್ಲ. ನಿನಗೂ ಗೊತ್ತಿತ್ತು ಹಸಿವಾಗಿಲ್ಲ ಅಂತ, ಆದ್ರೂ ಅಕ್ಕ ಹೇಳಿದ್ಲು ಅಂತ ಹೋದೆ. ಯಾಕೆ ಹೋದೆ? ನೀನು ಯಾಕೆ ಯಾವಾಗಲೂ ನಾನು ಹೇಳಿದ ಹಾಗೆ ಕೇಳ್ತೀಯಾ? ಒಂದು ಸಲ ಒಳಗೆ ನುಗ್ಗಿ ಬರೋಕಾಗ್ತಿರಲಿಲ್ವಾ? ಆ ಮೊದಲನೇ ಸಭೇಲಿ ಎತ್ತಿದ್ಯಲ್ಲ ಕೈ, ಅದೇ ಕೈ...

ನೋಡು. ನೋಡಿಲ್ಲಿ. ಕೆಟ್ಟಿದ್ದೇನಿಲ್ಲ. ಸರಿ ಮಾಡಬಹುದು. ನಾನೇ ಇನ್ನೊಂದು ಠರಾವು ಬರೀತೀನಿ. ಇವತ್ತೇ ಕೂತು ಬರೀತೀನಿ. "ನಡೆಯಲು ಕಲಿಯದ ಮಕ್ಕಳಿಗೂ" ಅಂತ. ನಾನೇ ಓದ್ತೀನಿ, ಅವರ ಕಿವಿ ಕಿತ್ತುಹೋಗೋ ಹಾಗೆ ಓದ್ತೀನಿ. ಬಾಗಿಲು ಹೇಗೂ ಬಂದಿರುತ್ತೆ, ಇನ್ನು ಆಯಾ ಒಂದು ತಾನೇ? ಮುಂದಿನ ಸಭೆಗೆ...

ಯಾಕೆ ನಗ್ತೀಯಾ?

ಯಾಕೆ ನಗ್ತಿದ್ದೀಯಾ, ಹೇಳು. ಮುಂದಿನ ಸಭೆಗೆ ಅಂದಿದ್ದಕ್ಕಾ? ನಾನು ಅವನ ಹಾಗೆ ಹೇಳಿದ್ದಲ್ಲ! ನಾನು ನಿಜವಾಗ್ಲೂ... ಅಲ್ಲ ಕಣೇ, ಕೇಳು, ನಾನು ಅವನಲ್ಲ, ಮುಂದೂಡ್ತಾ ಇಲ್ಲ ನಾನು, ಮುಂದಿನ ಸಲ ಅಂದ್ರೆ... ಅಷ್ಟರಲ್ಲಿ ಗುಬ್ಬೀನೂ ದೊಡ್ಡವಳಾಗ್ತಾಳೆ, ಎದ್ದು ನಿಲ್ಲೋಕೆ ಶುರು ಮಾಡಿದ್ರೆ ಅವಳನ್ನೂ...

ನಗಬೇಡ. ಅತ್ತಿದ್ದೇ ಚೆನ್ನಾಗಿತ್ತು.

ಎಲ್ಲಿಗೆ? ಶೀಟು ಬಿಟ್ಟೆ ಯಾಕೆ? ನೆಲಕ್ಕೆ ಬಿತ್ತು ನೋಡು, ತೊಳೆದು ಇಸ್ತ್ರಿ ಮಾಡಿದ್ದು... ಸರಿ, ಬೀಳ್ಲಿ, ನಾನು ಎತ್ಕೋತೀನಿ. ನನ್ನ ಎರಡು ಮೂಲೆ ನನ್ನ ಕೈಲೇ ಇದೆ. ಅವಳನ್ನ ಯಾಕೆ ಎತ್ತಿದೆ, ನಿದ್ದೆ ಮಾಡ್ತಿದ್ಲಲ್ಲ? ನೋಡು, ಬೆಚ್ಚಿಬಿದ್ಲು. ವ್ಯಾನು ಬರೋ ಹೊತ್ತಾಯ್ತು, ಇಷ್ಟು ರಾಶಿ ನಾನೊಬ್ಬಳೇ ಹೆಂಗೆ... ಒಬ್ಬಳೇ ಮಡಿಸೋಕಾಗುತ್ತಾ ಇಷ್ಟು ದೊಡ್ಡ ಶೀಟು?

ಬಾಯಿ ಹಾಕೇ ಮಧ್ಯೆ. ಆಗಿಂದ ಎಷ್ಟು ಸಲ ಬಾಯಿ ಹಾಕಿದೆ, ನಾನೂ ಬೈದೆ, ಈಗ ಹಾಕು. ತಡೀತೀನಾ? ತಡೆಯಲ್ಲ. ನಾನು ಬಾಯಿ ಮುಚ್ಚಿಕೊಂಡಿರ್ತೀನಿ. ನೋಡು, ಮುಚ್ಚಿದೆ.

...

ಏನು? ಕೇಳಿಸ್ಲಿಲ್ಲ... ಆ ಹಾಳು ಯಂತ್ರದ ಸದ್ದು... ಇನ್ನೊಂದು ಸಲ ಹೇಳು. ಏನಂದೆ?

"ಅಕ್ಕಾ, ಹಾಗಾದ್ರೆ ನಾಳೆ ಇವಳನ್ನ ಎಲ್ಲಿ ಮಲಗಿಸ್ಲಿ?" ಅಂದ್ಯಾ?